ಗೋಡೆಯ ಬಾಯಾರಿಕೆ

ಮೊಳೆಗೆ ಸುತ್ತಿಗೆಯೇ ಬೇಕಾಗಲಿಲ್ಲ. ಗಂಡನ ನಿಲುವಂಗಿ ಅವನ ಕೈಗೆಟುಕುವ ಹಾಗೆ ಮಂಚದ ಪಕ್ಕದಲ್ಲೇ ಇರಲಿ ಎಂದುಕೊಂಡು ಥೆಲ್ಮಾ ಮೊಳೆಯ ತುದಿಯನ್ನು ಗೋಡೆಗಿಟ್ಟು, ಜಾರದಿರಲೆಂದು ಹೆಬ್ಬೆರಳಿನಿಂದ ಒಂದಿಷ್ಟು ಅದುಮಿದ್ದೇ ತಡ, ಮೊಳೆ ತಾನಾಗಿಯೇ ಒಳಗೆ ಹೋಯಿತು. ಅರ್ಧ ಹೋಯಿತು, ಪೂರ್ತಿ ಹೋಯಿತು, ಕೊನೆಗೆ ತಲೆಯೂ ಮಾಯವಾಗಿ ಒಳಗೆಲ್ಲೋ ಟಿಕ್ ಎಂದು ಬಿದ್ದ ಸದ್ದು ಕೇಳಿಸಿತು. ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದಿದ್ದ ಸುತ್ತಿಗೆಯನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಅಷ್ಟರಲ್ಲಿ ತೂತಿನಿಂದ ಮರಳು ಬರತೊಡಗಿತು. ಒಣಗಿ ಹಿಟ್ಟಾದ ಸಣ್ಣ ಮರಳು. ನಡುನಡುವೆ ಸುಣ್ಣದ ಒಂದು ಹೆಂಟೆ, ಕಪ್ಪೆಚಿಪ್ಪಿನ ಒಂದು ಚೂರು. ಅವಳು ತಟ್ಟನೆ ಬೆರಳಿಟ್ಟು ತೂತನ್ನು ಮುಚ್ಚಿದಳು. ಮುಚ್ಚಿದ ಮೇಲೆ ಹಾಗೇ ನಿಂತಿರಬೇಕಾಯಿತು, ಗೋಡೆಗೆ ಯಾರೋ ಅವಳನ್ನು ಕಟ್ಟಿಹಾಕಿದ ಹಾಗೆ.

"ಥೆಲ್, ಏನೇ ಮಾಡ್ತಿದ್ದೀಯ ಅಲ್ಲಿ?" ಕಡಲ ಕಡೆ ಮುಖ ಮಾಡಿ ಮಲಗಿದ್ದ ಡೆನಿಸ್ ತಿರುಗದೆಯೇ ಕೇಳಿದ.

"ಮೊಳೆ ಹೊಡೀತಿದೀನಿ."

"ಸದ್ದೇ ಬರ್ಲಿಲ್ಲ."

"ಮೆತ್ತಗೆ ಹೊಡೀತಿದೀನಿ. ನಿನಗೆ ಎಚ್ಚರ ಆಗ್ಬಾರ್ದು ಅಂತ."

ಡೆನಿಸ್ ನಕ್ಕಿರಬೇಕು. ಅವನ ನಗು ಈಗ ನಗುವಾಗಿ ಹೊರಬರುವುದಿಲ್ಲ, ಎದೆಯಲ್ಲಿ ಒಂದು ಸಿಳ್ಳೆಯಾಗಿ ಸುತ್ತಿ ಅಲ್ಲೇ ಉಳಿಯುತ್ತದೆ. ಆ ಸಿಳ್ಳೆಯ ಏರಿಳಿತ ಥೆಲ್ಮಾಳಿಗೆ ಬಾಯಿಪಾಠ. ಅಡುಗೆಮನೆ ಇರುವುದು ರಸ್ತೆಗಿಂತ ಕೆಳಗೆ, ನೆಲಮಾಳಿಗೆಯಲ್ಲಿ. ಅಲ್ಲಿ ನಿಂತು ಆಲೂಗಡ್ಡೆ ಹೆಚ್ಚುತ್ತಿದ್ದರೂ ಮೇಲಿನ ಉಸಿರು ಯಾವಾಗ ಎಡವಿತು, ಯಾವಾಗ ಸರಿಹೋಯಿತು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಇಡೀ ಮನೆ ಒಂದರ ಮೇಲೊಂದು ಇಟ್ಟ ಕೋಣೆಗಳು, ಅಷ್ಟೆ. ಅಗಲಕ್ಕೆ ಜಾಗವಿಲ್ಲ, ಎತ್ತರಕ್ಕೆ ಮಿತಿಯಿಲ್ಲ. ಕಡಲಿಗೆ ಎದುರಾಗಿ ಇಂಥ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತಿವೆ. ಇವರ ಬಲಗೋಡೆ ಪಕ್ಕದವರ ಎಡಗೋಡೆ. ಮುಂಭಾಗವೆಲ್ಲ ಬಿಲ್ಲಿನಂತೆ ಹೊರಕ್ಕೆ ಉಬ್ಬಿ, ಕಬ್ಬಿಣದ ಜಾಲರಿಯ ಬಾಲ್ಕನಿ ಹೊತ್ತು, ಕಲ್ಲಿನದೆಂದು ನಂಬಿಸುವ ಹಾಗೆ ಗೆರೆ ಕೊರೆದ ಗಾರೆ ಮೆತ್ತಿಕೊಂಡು, ಕೆನೆಬಣ್ಣ ಬಳಿದುಕೊಂಡು ರಾಣಿಯರ ಹಾಗೆ ಕಡಲು ನೋಡುತ್ತಿವೆ. ಹಿಂದಕ್ಕೆ ಹೋಗಿ ನೋಡಿದರೆ ಕೊಳವೆಗಳು, ತೇಪೆಗಳು, ಓರೆಯಾದ ಕಿಟಕಿಗಳು. ಯಾವುದೋ ಕಾಲದಲ್ಲಿ ಲಂಡನ್ನಿನ ಶ್ರೀಮಂತರು ಕಡಲಗಾಳಿ ತಿನ್ನಲು ಬರುತ್ತಾರೆಂದು ಯಾರೋ ಅವಸರದಲ್ಲಿ ಕಟ್ಟಿ ಲಾಭ ಮಾಡಿಕೊಂಡು ಹೋದ ಮನೆಗಳು. ಮೇಲೆ ಥಳುಕು, ಒಳಗೆ ಹುಳುಕು ಎಂದು ಥೆಲ್ಮಾ ಮೊದಲ ವಾರವೇ ಅಂದುಕೊಂಡಿದ್ದಳು. ಬಾಯಿ ಬಿಟ್ಟು ಹೇಳುವ ಧೈರ್ಯ ಆಗ ಇರಲಿಲ್ಲ.

ಬೆರಳು ಮರಗಟ್ಟುತ್ತಿತ್ತು. ಏಪ್ರನ್ ಜೇಬಿನಲ್ಲಿ ಡೆನಿಸನ ಕೈ ತೊಳೆಸಿದ್ದ ಸಾಬೂನಿನ ಚೂರಿತ್ತು. ಅದನ್ನು ಹಿಚುಕಿ ಮೆತ್ತಗೆ ಮಾಡಿ, ಬೆರಳು ತೆಗೆದು, ತೂತಿಗೆ ಒತ್ತಿದಳು. ಒತ್ತಿದ ರಭಸಕ್ಕೆ ತೂತಿನ ಸುತ್ತಲಿನ ಬಣ್ಣ ಅಂಗೈಯಗಲ ಚಕ್ಕೆಯಾಗಿ ಎದ್ದು ಬಂದು ಅವಳ ಕೈಯಲ್ಲೇ ಉಳಿಯಿತು. ಬಣ್ಣವೇ ಗೋಡೆಯಾಗಿತ್ತು. ಅದರ ಹಿಂದೆ ಗೋಡೆ ಅನ್ನುವಂಥದ್ದು ಇರಲಿಲ್ಲ. ಒಂದಿಷ್ಟು ಮರಳು, ದುಂಡು ಕಲ್ಲು, ಒಡಕು ಇಟ್ಟಿಗೆ ಹೇಗೋ ಒಂದರ ಮೇಲೊಂದು ಒರಗಿಕೊಂಡು ನಿಂತಿದ್ದವು, ಬಿದ್ದುಬಿಡೋಣವೇ ಬೇಡವೇ ಎಂದು ಯೋಚಿಸುತ್ತಿರುವವರ ಹಾಗೆ. ಇವತ್ತು ಮಂಗಳವಾರ. ಗಂಡನ ಅಕ್ಕ ಮ್ಯೂರಿಯಲ್ ಚಹಾಕ್ಕೆ ಬರುವ ದಿನ.

ಮ್ಯೂರಿಯಲ್ ನೋಡಿಬಿಟ್ಟರೆ? ಗೋಡೆ ಬಿದ್ದರೆ ಡೆನಿಸನ ಗತಿಯೇನು ಎನ್ನುವುದಕ್ಕಿಂತ ಮೊದಲು ಮನಸ್ಸಿಗೆ ಬಂದದ್ದು ಇದು. ಹಾಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಸಬರಿಗೆ, ಮೊರ ತಂದು ಮರಳನ್ನು ಗುಡಿಸಿದಳು, ಸದ್ದಾಗದಂತೆ, ಕಳ್ಳಿಯ ಹಾಗೆ. ಗುಡಿಸಿ ಮುಗಿಸುವಷ್ಟರಲ್ಲಿ ಗೋಡೆಯ ಬುಡದ ಹಲಗೆಯ ಸಂದಿಯಿಂದ ಇನ್ನಷ್ಟು ಮರಳು ಬಂದು ಕೂತಿತ್ತು. ಇದು ಒಣಗಿಯೇ ಇಷ್ಟು ಹಿಟ್ಟಾಗಿದೆ ಅಲ್ಲವೇ, ಒಣಗಿಸಿದವಳು ನಾನೇ ಅಲ್ಲವೇ ಎಂಬ ಯೋಚನೆ ಬಾಗಿಲ ತನಕ ಬಂತು. ಅವಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಮನೆಯನ್ನು ಒಣಗಿಸಿದ್ದು ಅವಳ ಬಾಳಿನಲ್ಲಿ ಅವಳು ಗೆದ್ದ ಒಂದೇ ಒಂದು ಯುದ್ಧ. ಮದುವೆಯಾಗಿ ಬಂದಾಗ ಹಾಸಿಗೆಯ ಚಾದರ ಹಿಂಡಿದರೆ ನೀರು ಬರುವಂತಿತ್ತು. ಬೀರುವಿನಲ್ಲಿಟ್ಟ ಅವಳ ಮದುವೆಯ ಬೂಟಿನ ಮೇಲೆ ಹಸಿರು ಬೂಷ್ಟು ಹಬ್ಬಿತ್ತು. ಅವಳು ಹುಟ್ಟಿದ್ದು ಲಂಡನ್ನಿನ ರೈಲುಹಳಿಯ ಪಕ್ಕದ ಕೆಂಪು ಇಟ್ಟಿಗೆಯ ಬಾಡಿಗೆ ಮನೆಯಲ್ಲಿ. ಹೊಗೆಯಿತ್ತು, ಸದ್ದಿತ್ತು, ತಂಡಿ ಇರಲಿಲ್ಲ. ಇಲ್ಲಿ ಕಡಲ ಮಂಜು ಇಳಿದ ದಿನ ಕಿಟಕಿ ಮುಚ್ಚಿಕೊಳ್ಳುವ ಬದಲು ಅತ್ತೆ ನೆಲಮಾಳಿಗೆಯಿಂದ ಅಟ್ಟದ ತನಕ ಹತ್ತಿ ಒಂದೊಂದೇ ಕಿಟಕಿಯನ್ನು ಹಾರು ಹೊಡೆಯುತ್ತಿದ್ದಳು. ನಡುಗುತ್ತ ನಿಂತ ಸೊಸೆಯನ್ನು ನೋಡಿ, "ಗೋಡೆಗೆ ಕುಡಿಸ್ತಿದೀನಿ ಕಣಮ್ಮಾ" ಎನ್ನುತ್ತಿದ್ದಳು. ಮ್ಯೂರಿಯಲ್ ಕಿಸಕ್ಕನೆ ನಗುತ್ತಿದ್ದಳು. "ಲಂಡನ್ನಿಂದ ಇಳಿದು ಬಂದೋರಿಗೆ ಇದೆಲ್ಲ ಎಲ್ಲಿ ತಿಳಿಯತ್ತಮ್ಮಾ."

ಲಂಡನ್ನಿಂದ ಇಳಿದು ಬಂದವಳು. ಈ ಊರಿನವರಿಗೆ ಅದು ಒಂದು ಜಾತಿಯ ಹೆಸರು. ಆದರೆ ಅದಕ್ಕಿಂತ ಕೆಟ್ಟ ಇನ್ನೊಂದು ಮಾತಿತ್ತು. ಮದುವೆಯ ಮಾರನೆಯ ಭಾನುವಾರ ಊಟದ ಮೇಜಿನಲ್ಲಿ ಮಾವ, ನಿಮ್ಮ ಕಡೆಯವರು ಮೂಲತಃ ಎಲ್ಲಿಯವರು ಎಂದು ಕೇಳಿದ್ದರು. ಅಪ್ಪ ಐರ್ಲೆಂಡಿನ ಕಾರ್ಕ್ ಕಡೆಯವನು, ಅಮ್ಮ ಮಾಲ್ಟಾ ದ್ವೀಪದವಳು, ಅಜ್ಜಿಯ ಊರು ಯಾವುದೋ ಗೊತ್ತಿಲ್ಲ ಎಂದು ಅವಳು ಪ್ರಾಮಾಣಿಕವಾಗಿ ಹೇಳಿದ್ದಳು. ಆಗ ಮ್ಯೂರಿಯಲ್ ಚಮಚ ಎತ್ತಿ ಹಿಡಿದು, "ಸರಿಹೋಯ್ತು ಬಿಡಿ, ಬಂಗರೂಶ್!" ಎಂದಿದ್ದಳು. ಮೇಜೆಲ್ಲ ನಕ್ಕಿತ್ತು. ಡೆನಿಸ್ ಕೂಡ ನಕ್ಕಿದ್ದ. ಹಿಂದಿನ ದಿನದ ಮಾಂಸ, ಕ್ಯಾರೆಟ್ಟು, ಉಳಿದ ಗ್ರೇವಿ ಎಲ್ಲ ಸೇರಿಸಿ ಕುದಿಸಿದ ಪದಾರ್ಥಕ್ಕೂ ಆ ಮನೆಯಲ್ಲಿ ಅದೇ ಹೆಸರು. ಅಂದರೆ ಬೆರಕೆ, ಕಲಸುಮೇಲೋಗರ, ಕೈಗೆ ಸಿಕ್ಕಿದ್ದನ್ನು ಎಸೆದು ಮಾಡಿದ್ದು. ಥೆಲ್ಮಾ ಆ ಪದದ ಅರ್ಥ ಯಾರನ್ನೂ ಕೇಳಲಿಲ್ಲ, ಅರ್ಥವಾಗಿದೆ ಎಂದು ಅವಳಿಗೆ ಖಾತ್ರಿಯಿತ್ತು. ಆಮೇಲೆ ಅತ್ತೆ ಸಾಯುವಾಗ, ಇದೇ ಕೋಣೆಯಲ್ಲಿ, ಸೊಸೆಯ ಮುಂಗೈ ಹಿಡಿದು, "ಬಂಗರೂಶ್ ಕಣಮ್ಮಾ... ಮರೀಬೇಡ" ಎಂದಿದ್ದಳು. ಸಾಯುವವರ ಕೈ ಕೊಡವಿಕೊಳ್ಳಬಾರದು. ಥೆಲ್ಮಾ ಕೊಡವಿಕೊಂಡಿದ್ದಳು. ಕೊನೆಯ ಉಸಿರಿನಲ್ಲೂ ನೆನಪು ಮಾಡಿ ಹೋದಳಲ್ಲ ಮುದುಕಿ ಎಂದು ಅಡುಗೆಮನೆಗೆ ಓಡಿ ಅತ್ತಿದ್ದಳು. ದುಃಖದಿಂದ ಅತ್ತಳೆಂದು ಜನ ಮೆಚ್ಚಿಕೊಂಡರು.

ಆ ಚಳಿಗಾಲವೇ ಕಿಟಕಿಗಳನ್ನೆಲ್ಲ ಭದ್ರ ಮಾಡಿಸಿದಳು. ಡೆನಿಸ್, ಜನ ವಿಹಾರಕ್ಕೆ ಬರುವ ಕಡಲಸೇತುವೆಯ ಟಿಕೆಟ್ ಗೂಡಿನಲ್ಲಿ ಕೂತೂ ಕೂತೂ ಎದೆ ಕೆಡಿಸಿಕೊಂಡಿದ್ದ. ವೈದ್ಯರು, ಒಣಗಿದ ಬೆಚ್ಚಗಿನ ಕೋಣೆಯಲ್ಲಿಟ್ಟರೆ ಉಳಿಯುತ್ತಾನೆ, ತಂಡಿ ತಾಗಿದರೆ ಹೇಳಲಾಗದು ಎಂದಿದ್ದರು. ಅವಳಿಗೆ ಆ ಮಾತು ವರದ ಹಾಗೆ ಬಂತು. ಹೊರಗೋಡೆಗೆ ಸಿಮೆಂಟು ಬಳಿಸಿದಳು. ಒಳಗೋಡೆಗೆ ನೀರು ಹಿಡಿಯದ ರಬ್ಬರಿನಂಥ ಬಣ್ಣವನ್ನು ತಾನೇ ಏಣಿ ಹತ್ತಿ ಪದರದ ಮೇಲೆ ಪದರ ಹಚ್ಚಿದಳು. ಕೋಣೆಕೋಣೆಗೂ ಹೀಟರು ಬಂತು. ನಿಧಾನವಾಗಿ ಆ ಹಳೆಯ ವಾಸನೆ, ಹಸಿಸುಣ್ಣದ್ದೋ ಪಾಚಿಯದ್ದೋ ಆ ಅತ್ತೆಯ ವಾಸನೆ, ಮನೆ ಬಿಟ್ಟು ಹೋಯಿತು. ಅಕ್ಕಪಕ್ಕದವರು ಬಂದು ಗೋಡೆ ಮುಟ್ಟಿ ನೋಡಿ, "ನಿಮ್ಮ ಮನೆ ಎಷ್ಟು ಒಣಗಿದೆಯಪ್ಪಾ" ಎಂದಾಗ ಅವಳಿಗೆ ಹೆರಿಗೆಯಾದವಳಿಗೆ ಆಗುವಂಥ ಹೆಮ್ಮೆ ಆಗಿತ್ತು. ಡೆನಿಸ್ ಉಳಿದ. ಅದಕ್ಕಿಂತ ಇನ್ನೇನು ಬೇಕಿತ್ತು?

ಬಾಗಿಲ ಗಂಟೆ ಎರಡನೆಯ ಸಲ ಬಾರಿಸಿದಾಗಲೇ ಅವಳಿಗೆ ಮೊದಲನೆಯದೂ ಕೇಳಿಸಿತ್ತೆಂದು ಅರಿವಾದದ್ದು.

"ಬಂದ್ಯಾ ತಾಯಿ! ನಾನು ಮೆಟ್ಟಿಲ ಮೇಲೇ ಬೇರು ಬಿಡ್ತಿದ್ದೆ." ಮ್ಯೂರಿಯಲ್ ಒಳಗೆ ಬಂದವಳೇ ಟೋಪಿ ತೆಗೆದು ಮುಖಕ್ಕೆ ಗಾಳಿ ಹಾಕಿಕೊಂಡಳು. "ಅಬ್ಬಬ್ಬ, ಈ ಮನೇಲಿ ಕೇಕು ಒಲೆಗಿಡೋದೇ ಬೇಡ ಕಣೇ. ಮೇಜಿನ ಮೇಲಿಟ್ರೆ ತಾನೇ ಬೇಯತ್ತೆ. ಹೊರಗೆ ಮಂಜು ಬರ್ತಿದೆ, ನೋಡಿದ್ಯಾ? ಸೇತುವೆ ತುದಿ ಆಗ್ಲೇ ಕಾಣ್ತಿಲ್ಲ."

"ಡೆನಿಸ್ ಮಲಗಿದಾನೆ. ಇವತ್ತು ಕೆಳಗೇ ಕೂತು ಚಹಾ ಕುಡಿಯೋಣ್ವಾ?" ಎಂದಳು ಥೆಲ್ಮಾ.

"ನಾನು ಬಂದಿರೋದು ನನ್ನ ತಮ್ಮನ್ನ ನೋಡೋಕೆ. ನಿನ್ನ ಕೇಕು ನೋಡೋಕಲ್ಲ."

ಮೆಟ್ಟಿಲು ಹತ್ತುವಾಗ ಮ್ಯೂರಿಯಲ್‌ಳ ಅಂಗೈ ಗೋಡೆಯ ಉದ್ದಕ್ಕೂ ಸವರಿಕೊಂಡು ಹೋಯಿತು. ಈ ಮನೆಯಲ್ಲಿ ಹುಟ್ಟಿದವರು ಹಾಗೇ ಹತ್ತುತ್ತಾರೆ, ಪಕ್ಕದ ಕಂಬಿ ಹಿಡಿಯುವುದಿಲ್ಲ. ನಡುವೆ ಒಂದು ಕಡೆ ಆ ಕೈ ನಿಂತಿತು. ಮ್ಯೂರಿಯಲ್ ಬೆರಳ ಗೆಣ್ಣಿನಿಂದ ಗೋಡೆಯನ್ನು ಕುಟ್ಟಿದಳು. ಟೊಳ್ಳು ಸದ್ದು. ಇನ್ನೊಂದು ಮೆಟ್ಟಿಲು ಹತ್ತಿ ಕುಟ್ಟಿದಳು. ಥೆಲ್ಮಾ ಚಹಾದ ತಟ್ಟೆ ಹಿಡಿದು ಹಿಂದೆಯೇ ಹತ್ತಿದಳು. ಕೋಣೆಯ ಬಾಗಿಲಲ್ಲಿ ಮ್ಯೂರಿಯಲ್ ನಿಂತು ಒಳಗೆ ನೋಡಿದಳು: ಮಲಗಿದ ತಮ್ಮ, ಮಂಚದ ಪಕ್ಕದಲ್ಲಿ ಚರ್ಮ ಸುಲಿದಂತೆ ಕಾಣುವ ಗೋಡೆ, ಅದರ ನಡುವೆ ನೀಲಿ ಸಾಬೂನು, ಬುಡದಲ್ಲಿ ಮರಳಿನ ಗುಪ್ಪೆ. ಥೆಲ್ಮಾ ಒಂದು ಕುಹಕಕ್ಕೆ ಮೈಯನ್ನು ಗಟ್ಟಿ ಮಾಡಿಕೊಂಡು ಕಾದಳು. ಮ್ಯೂರಿಯಲ್ ಹೊರಬಂದು ಬಾಗಿಲನ್ನು ಎಳೆದುಕೊಂಡಳು. ಅವಳ ಮುಖ ಬಿಳಿಚಿತ್ತು.

"ಏನು ಮಾಡಿಬಿಟ್ಯೇ?"

"ನಾನೇನು ಮಾಡ್ದೆ? ಒಣಗಿಸ್ದೆ. ಡಾಕ್ಟ್ರು ಹೇಳಿದ್ರು."

"ಬಂಗರೂಶ್ ಗೋಡೆ ಕಣೇ ಇದು! ಒಣಗಿಸ್ತಾರೇನೇ ಇದನ್ನ?"

ಥೆಲ್ಮಾ ಆ ಪದ ಕೇಳಿ ಕೆನ್ನೆಗೆ ಏಟು ಬಿದ್ದವಳ ಹಾಗೆ ಹಿಂದೆ ಸರಿದಳು. ಆಮೇಲೆ, ತಡವಾಗಿ, ಆ ಪದದ ಪಕ್ಕದಲ್ಲಿದ್ದ ಇನ್ನೊಂದು ಪದ ಅವಳ ಕಿವಿಗೆ ಇಳಿಯಿತು. "ಏನು ಗೋಡೆ?"

"ಬಂಗರೂಶ್. ಈ ಸಾಲಲ್ಲಿ ಎಲ್ಲ ಮನೇನೂ ಅದೇ. ಎರಡು ಹಲಗೆ ನಿಲ್ಸಿ, ನಡುವೆ ಸುಣ್ಣ, ಮರಳು, ಕಡಲ ಕಲ್ಲು, ಒಡೆದ ಇಟ್ಟಿಗೆ, ಕೈಗೆ ಸಿಕ್ಕಿದ್ದೆಲ್ಲ ಸುರಿದು ಕಟ್ಟಿರೋ ಗೋಡೆ. ಒದ್ದೆ ಜಾಸ್ತಿಯಾದ್ರೆ ಕರಗತ್ತೆ, ಪೂರ್ತಿ ಒಣಗಿದ್ರೆ ಉದುರತ್ತೆ. ಅದಕ್ಕೇ ಅಮ್ಮ ಮಂಜಿನ ದಿನ ಕಿಟಕಿ ತೆಗೀತಿದ್ಲು. ನಿನಗೆ ಹೇಳಿರ್ಲಿಲ್ವಾ? ಸಾಯೋ ಹೊತ್ತಲ್ಲೂ ನಿನಗೇ ಹೇಳ್ತೀನಿ ಅಂತಿದ್ಲು, ನನಗಲ್ಲ. ಈ ಮನೆ ನೋಡ್ಕೊಳೋಳು ನೀನು ಅಂತ."

ಹೇಳಿದ್ದಳು. ಮುಂಗೈ ಹಿಡಿದು ಹೇಳಿದ್ದಳು. ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಂತ ಥೆಲ್ಮಾಳಿಗೆ ಆ ಒಣಕಲು ಬೆರಳುಗಳು ಈಗ ಮತ್ತೆ ಮುಂಗೈಗೆ ತಾಗಿದಂತಾಯಿತು. ಮುದುಕಿ ಬೈದಿರಲಿಲ್ಲ. ಮನೆಯನ್ನು ಕೈಗೆ ಕೊಟ್ಟಿದ್ದಳು, ಮನೆಯವಳೆಂದು ಒಪ್ಪಿ ಕೊಟ್ಟಿದ್ದಳು. ಇವಳು ಅದನ್ನು ಬೈಗುಳವೆಂದು ತೆಗೆದುಕೊಂಡು, ಆ ಬೈಗುಳಕ್ಕೆ ಉತ್ತರವಾಗಿ ದಿನವೂ ಬೆಂಕಿ ಹಾಕಿ ಮನೆಯನ್ನು ಕೊಂದಿದ್ದಳು. ಒಂದೇ ಒಂದು ಸಲ, ಹಾಗೆಂದರೇನು ಎಂದು ಕೇಳಿದ್ದರೆ? ಕೇಳಿದರೆ ನಗುತ್ತಾರೆ ಎಂಬ ಹೆದರಿಕೆಗೆ ಇಷ್ಟು ದೊಡ್ಡ ಬೆಲೆಯೇ? ಅವಳಿಗೆ ಅಳು ಬರಲಿಲ್ಲ. ಚಹಾ ಆರಿಹೋಗುತ್ತಿದೆ ಎಂದು ಮಾತ್ರ ಅನ್ನಿಸಿತು.

"ಈಗ... ಈಗ ಒದ್ದೆ ಮಾಡಿದ್ರೆ?" ಎಂದು ಕೇಳಿದಳು.

"ಮಾಡಿದ್ರೆ ನಿಂತರೂ ನಿಲ್ಲಬಹುದು. ಸುಣ್ಣ ಅಲ್ವಾ, ನೀರು ಕಂಡ್ರೆ ಹಿಡ್ಕೊಳತ್ತೆ. ಅಪ್ಪ ಹಿಂದಿನ ಗೋಡೇನ ಹಾಗೇ ಉಳಿಸಿದ್ರು." ಮ್ಯೂರಿಯಲ್ ಮಾತು ನಿಲ್ಲಿಸಿದಳು. ಇಬ್ಬರಿಗೂ ಮುಂದಿನ ಮಾತು ಒಟ್ಟಿಗೇ ಹೊಳೆದಿತ್ತು. ಬಾಗಿಲ ಆಚೆ ಡೆನಿಸನ ಎದೆ ಸಿಳ್ಳೆ ಹಾಕುತ್ತಿತ್ತು. ತಂಡಿ ತಾಗಿದರೆ ಅವನಿಲ್ಲ, ತಾಗದಿದ್ದರೆ ಗೋಡೆಯಿಲ್ಲ. ಗೋಡೆ ಬಿದ್ದರೆ ಬೀಳುವುದು ಅವನ ಮೇಲೆ. "ಅವನನ್ನ ನನ್ನ ಮನೆಗೆ ಕಳಿಸು," ಎಂದಳು ಮ್ಯೂರಿಯಲ್, ಎಂದೂ ಇಲ್ಲದ ಮೆದು ದನಿಯಲ್ಲಿ. "ಇವತ್ತೇ. ನೀನೂ ಬಾ. ಹೋದ್ರೆ ಹೋಗ್ಲಿ ಗೋಡೆ."

ಥೆಲ್ಮಾಳಿಗೆ ಆ ಕ್ಷಣ ಇಷ್ಟು ವರ್ಷ ಹಲ್ಲು ಕಚ್ಚಿ ದ್ವೇಷಿಸಿದ ಹೆಂಗಸಿನ ಕಾಲಿಗೆ ಬೀಳಬೇಕೆನ್ನಿಸಿತು. ಉಳಿಯುವ ದಾರಿ ಇತ್ತು. ಇಬ್ಬರೂ ಒಳಗೆ ಹೋದರು. ಥೆಲ್ಮಾ ಮಂಚದ ಅಂಚಿನಲ್ಲಿ ಕೂತು, ಏನನ್ನೂ ಮುಚ್ಚದೆ ಹೇಳಿದಳು: ಸಿಮೆಂಟು, ಬಣ್ಣ, ಹೀಟರು, ಅತ್ತೆಯ ಕೈ ಕೊಡವಿಕೊಂಡದ್ದು. ಹೇಳುತ್ತಿರುವಾಗ ಡೆನಿಸ್ ಮೆಲ್ಲಗೆ ಈ ಕಡೆ ಹೊರಳಿ ಗೋಡೆಯನ್ನು ನೋಡಿದ. ಕೈ ಚಾಚಿ ಬುಡದ ಮರಳನ್ನು ಮುಟ್ಟಲು ಹೋದ, ಎಟುಕಲಿಲ್ಲ. ಅವಳು ಒಂದು ಹಿಡಿ ತೆಗೆದು ಅವನ ಅಂಗೈಗೆ ಹಾಕಿದಳು. ಅವನು ಮೂಸಿದ.

"ವಾಸನೆಯೇ... ಇಲ್ಲ," ಎಂದ.

"ಡೆನ್ನಿ, ಏಳಪ್ಪಾ," ಎಂದಳು ಮ್ಯೂರಿಯಲ್. "ನನ್ನ ಮನೆಗೆ ಹೋಗೋಣ. ಮೆಟ್ಟಿಲಿಲ್ಲ, ತಂಡಿಯಿಲ್ಲ, ಏನೂ ಇಲ್ಲ."

"ಅಲ್ಲಿ ಏನೂ ಇಲ್ಲ ಅಂತ... ನನಗೂ ಗೊತ್ತು ಕಣೇ ಅಕ್ಕ. ಇಲ್ಲಿಂದ... ಏಳಲ್ಲ ನಾನು." ಅವನು ಉಸಿರು ಕೂಡಿಸಿಕೊಂಡ. "ಹೊರಗೆ ಮಂಜು ಬಂದಿದ್ಯಾ?"

"ಬಂದಿದೆ."

"ಹಾಗಾದ್ರೆ ಕಿಟಕಿ ತೆಗೀರಿ."

ಥೆಲ್ಮಾ ಅವನ ಮುಖದ ಹತ್ತಿರ ಬಾಗಿದಳು. ಅವನಿಗೆ ಅರ್ಥವಾಗಿಲ್ಲ ಎಂದುಕೊಂಡಳು. "ಡೆನಿಸ್, ತೆಗೆದ್ರೆ ನಿನ್ನ ಎದೆ ಹಿಡಿಯತ್ತೆ. ಗೋಡೆ ಉಳಿದ್ರೆ ನೀನು ಉಳಿಯಲ್ಲ. ಇಲ್ಲೇ ಇದ್ರೆ ಎರಡರಲ್ಲಿ ಒಂದೇ ಕಣೋ."

"ಗೋಡೆ," ಎಂದ ಡೆನಿಸ್.

ಒಂದು ಗಳಿಗೆ ಕೂಡ ತಡೆಯಲಿಲ್ಲ. ಕೇಳುವುದನ್ನೇ ಕಾಯುತ್ತಿದ್ದವನ ಹಾಗೆ, ಚಹಾಕ್ಕೆ ಸಕ್ಕರೆ ಬೇಕೇ ಎಂದರೆ ಬೇಕು ಎನ್ನುವವನ ಹಾಗೆ ಹೇಳಿದ. ತಡೆದಿದ್ದರೆ ಸಾಕಿತ್ತು ಎಂದು ಥೆಲ್ಮಾಳಿಗೆ ಅನ್ನಿಸಿತು. ಒಂದು ಸಲ ಅವಳ ಕಡೆ ನೋಡಿ ಆಮೇಲೆ ಹೇಳಿದ್ದರೂ ಸಾಕಿತ್ತು. "ಮತ್ತೆ ನಾನು?" ಎಂದಳು. ಕೇಳಬಾರದಿತ್ತು. ಅವಳ ದನಿ ಅವಳಿಗೇ ಭಿಕ್ಷೆ ಬೇಡುವವಳ ದನಿಯಂತೆ ಕೇಳಿಸಿತು.

ಡೆನಿಸ್ ಅವಳ ಕೈ ತಟ್ಟಿದ. ಅವನ ಕಣ್ಣಿನಲ್ಲಿ ನಿಜವಾದ ಅಕ್ಕರೆಯಿತ್ತು, ಅದನ್ನು ಅವಳು ಕೊನೆಯವರೆಗೂ ಅಲ್ಲವೆನ್ನಲಾರಳು. "ನಿನಗೇನು ಥೆಲ್... ನೀನು ಲಂಡನ್ನಿನೋಳು. ಎಲ್ಲಾದ್ರೂ ಒಂದು ಒಳ್ಳೇ... ಒಣ ಮನೆ ಸಿಗತ್ತೆ ನಿನಗೆ."

ಸಮಾಧಾನ ಮಾಡಲು ಹೇಳಿದ ಮಾತು. ಮ್ಯೂರಿಯಲ್ ಕೂಡ ತಲೆ ತಗ್ಗಿಸಿದಳು. "ನಾನಿದನ್ನ ನೋಡಲಾರೆ," ಎಂದು ಗೊಣಗಿ, ಕೋಟು ಹುಡುಕುತ್ತ ಕೆಳಗಿಳಿದು ಹೋದಳು. ಮುಂಬಾಗಿಲು ಹಾಕಿಕೊಂಡ ಸದ್ದಾಯಿತು, ಗೋಡೆಯಲ್ಲಿ ಮರಳು ಸರ್ ಎಂದು ಜಾರಿತು. ಥೆಲ್ಮಾ ಕೂತೇ ಇದ್ದಳು. ಅವಳಿಗೆ ಕೋಪ ಬಂತು, ಎಂಥ ಕೋಪವೆಂದರೆ ಅವನ ಭುಜ ಹಿಡಿದು ಅಲುಗಾಡಿಸಬೇಕು, ನಿನ್ನ ಉಸಿರು ನಾನು ಕಾಪಾಡಿದ್ದು, ಅದು ನನ್ನದು, ಗೋಡೆಗೆ ಕೊಡಲು ನೀನು ಯಾರು ಎಂದು ಕೂಗಬೇಕು. ಹೀಟರು ಆರಿಸಿದೆನೆಂದು ಸುಳ್ಳು ಹೇಳಿ ಉರಿಯಲು ಬಿಡಬಹುದಿತ್ತು. ಇಬ್ಬರು ಗಟ್ಟಿಗರನ್ನು ಕರೆದು ಮಂಚಸಮೇತ ಹೊರಸಾಗಿಸಬಹುದಿತ್ತು. ಆದರೆ ಅವನು ಆಗಲೇ ಕಿಟಕಿಯ ಕಡೆ ಹೊರಳಿ, ಮೂಗಿನ ಹೊಳ್ಳೆ ಅರಳಿಸಿ, ಮನೆಗೆ ಯಾರೋ ಬರುವುದನ್ನು ಎದುರು ನೋಡುವ ಮಗುವಿನ ಹಾಗೆ ಕಾಯುತ್ತಿದ್ದ. ಅಂಥ ಮುಖವನ್ನು ಅವಳು ಈ ಒಣ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಉಳಿಸಿದೆ, ಉಳಿಸಿದೆ ಎಂದು ಬೀಗಿದಳಲ್ಲ, ಅವನು ಸುಖವಾಗಿದ್ದಾನೆಯೇ ಎಂದು ಕೇಳುವುದನ್ನೂ ಅವಳು ಮರೆತೇಬಿಟ್ಟಿದ್ದಳು.

ಎದ್ದು ಹೀಟರು ಆರಿಸಿದಳು. ಕಿಟಕಿಯ ಚೌಕಟ್ಟು ಬಣ್ಣಕ್ಕೆ ಅಂಟಿ ಹಿಡಿದಿತ್ತು. ಅಡುಗೆಯ ಚಾಕು ತಂದು ಸುತ್ತ ಕೊಯ್ದು, ಭುಜ ಕೊಟ್ಟು ಮೇಲಕ್ಕೆ ತಳ್ಳಿದಳು. ಮಂಜು ಒಳಗೆ ಬಂತು, ಉಪ್ಪಿನ ತಣ್ಣನೆಯ ವಾಸನೆಯೊಡನೆ. ಅದೇ ಚಾಕುವಿನಿಂದ, ತಾನೇ ಹಚ್ಚಿದ ಬಣ್ಣವನ್ನು ಗೋಡೆಯಿಂದ ಸುಲಿಯತೊಡಗಿದಳು. ಉದ್ದುದ್ದ ಪಟ್ಟಿಗಳಾಗಿ ಬಂತು. ಬಕೆಟ್ಟಿನಲ್ಲಿ ನೀರು ತಂದು, ಬಟ್ಟೆ ಅದ್ದಿ, ಗಾಯಕ್ಕೆ ಒತ್ತುವಂತೆ ಗೋಡೆಗೆ ಮೆಲ್ಲಗೆ ಒತ್ತಿದಳು. ಒತ್ತಿದ ಒದ್ದೆ ಕಣ್ಣೆದುರೇ ಮಾಯವಾಗುತ್ತಿತ್ತು. ಗೋಡೆ ಹೀರುವ ಸದ್ದು ಕೇಳಿಸುತ್ತಿತ್ತು, ಸಣ್ಣಗೆ, ದುರಾಸೆಯಿಂದ.

"ಬಂತು," ಎಂದ ಡೆನಿಸ್. "ವಾಸನೆ ಬಂತು ಥೆಲ್. ಅಮ್ಮನ ಕಾಲದ್ದು." ಅವನು ಆಳವಾಗಿ ಎಳೆದುಕೊಂಡ, ಎಂದೂ ಎಳೆಯದಷ್ಟು. ಎಳೆದುಕೊಂಡ ಉಸಿರು ಅರ್ಧಕ್ಕೆ ಸಿಕ್ಕಿ ಕೆಮ್ಮಾಯಿತು. ಮಂಚ ಅಲುಗಾಡಿತು.

ಬಟ್ಟೆ ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತು. "ಸಾಕಾ? ಮುಚ್ಚಲಾ ಕಿಟಕಿ?"

ಮಾತಾಡಲಾಗದೆ ಅವನು ಬೆರಳೆತ್ತಿ ಗೋಡೆಯ ಕಡೆ ತೋರಿಸಿದ. ಅಲ್ಲಿ, ಇನ್ನೂ ಮೇಲೆ, ಅಲ್ಲಿ ಒಣಗಿದೆ.

ಅವಳು ಬಟ್ಟೆಯನ್ನು ಅದ್ದಿದಳು, ಹಿಂಡಿದಳು, ಅವನು ತೋರಿಸಿದ ಜಾಗಕ್ಕೆ ಒತ್ತಿದಳು. ಅಳುತ್ತಿದ್ದಳು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕಿಟಕಿಯ ಆಚೆ ಕಡಲಿರಲಿಲ್ಲ, ಬೀದಿಯಿರಲಿಲ್ಲ, ಸಾಲಿನ ಬೇರೆ ಮನೆಗಳೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮರಳು ನಿಂತಿತು. ಕೆಮ್ಮು ನಿಲ್ಲಲಿಲ್ಲ. ಅವಳೂ ನಿಲ್ಲಿಸಲಿಲ್ಲ.